ಕತ್ತಲಿನ ಏಳನೆಯ ಆವೃತ್ತಿ

ಭಯಪಡುವುದಕ್ಕೆಂದೇ ಮಾಡಿದ ಆಟವೊಂದನ್ನು ನಾನು ಸುಮಾರು ಮೂವತ್ತು ವರ್ಷಗಳಿಂದ ಆಡಿಕೊಂಡು ಬಂದಿದ್ದೇನೆ ಎಂದರೆ ನಮ್ಮ ಅರಸೀಕೆರೆಯಲ್ಲಿ ನಗುವವರೇ ಹೆಚ್ಚು. ಕೊಬ್ಬರಿಯ ಧಾರಣೆ, ರೈಲಿನ ವೇಳೆ, ಈ ಸಲ ಕೆರೆಗೆ ನೀರು ಬಂತೇ ಇಲ್ಲವೇ ಎಂಬ ಮಾತುಗಳಲ್ಲೇ ದಿನ ಕಳೆಯುವ ಊರು ನಮ್ಮದು. ಹೆದರಿಕೆಗೆ ಇಲ್ಲಿ ಬೇರೆ ಕಾರಣಗಳೇ ಬೇಕಾದಷ್ಟಿವೆ. ಅದನ್ನು ದುಡ್ಡು ಕೊಟ್ಟು ತರುವ ದರ್ದು ಯಾರಿಗೂ ಇಲ್ಲ. ಆದರೂ ಆ ಆಟದ ಬಗ್ಗೆ, ಅದರಲ್ಲೂ ಅದರ ಏಳನೆಯ ಆವೃತ್ತಿಯ ಬಗ್ಗೆ ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಹಳೇಬೀಡು. ಹಳೇಬೀಡಿನ ಒಂದು ಕಂಬದ ಮುಂದೆ ನಿಂತಾಗ ಇತಿಹಾಸದ ಪುಸ್ತಕ ಕೇಳದ ಪ್ರಶ್ನೆಯೊಂದನ್ನು ಈ ಆಟ ನನ್ನ ಬಾಯಿಗೆ ಹಾಕಿತು.

ಆಟದ ಹೆಸರು ‘ಕಾಲ್ ಆಫ್ ಕ್ಥುಲ್ಹು’. ಇದು ಕಂಪ್ಯೂಟರಿನಲ್ಲಿ ಆಡುವಂಥದ್ದಲ್ಲ. ಮೇಜಿನ ಸುತ್ತ ನಾಲ್ಕೈದು ಜನ ಕೂತುಕೊಳ್ಳುತ್ತಾರೆ. ಒಬ್ಬರು ಕೀಪರ್, ಅಂದರೆ ಕಥೆಯ ಲೋಕವನ್ನು ಕಾಯುವವರು. ಉಳಿದವರು ಒಂದೊಂದು ಪಾತ್ರ. ಕೀಪರ್ ಸನ್ನಿವೇಶ ಹೇಳುತ್ತಾರೆ, ಪಾತ್ರಧಾರಿಗಳು ತಾವು ಏನು ಮಾಡುತ್ತೇವೆಂದು ಹೇಳುತ್ತಾರೆ, ಆಗುವುದೋ ಬಿಡುವುದೋ ಗೊತ್ತಿಲ್ಲದ ಕಡೆ ದಾಳ ಉರುಳುತ್ತದೆ. ತಾಳಮದ್ದಲೆ ನೋಡಿದವರಿಗೆ ಇದನ್ನು ವಿವರಿಸುವುದು ಸುಲಭ. ಅಲ್ಲಿಯೂ ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಕರ್ಣನಾಗಬೇಕು, ಕೃಷ್ಣನಾಗಬೇಕು, ಮಾತನ್ನು ಆ ಗಳಿಗೆಯಲ್ಲೇ ಹುಟ್ಟಿಸಿಕೊಳ್ಳಬೇಕು. ಒಂದೇ ವ್ಯತ್ಯಾಸ. ಅರ್ಥಧಾರಿ ಎಷ್ಟೇ ಚೆನ್ನಾಗಿ ವಾದ ಮಾಡಲಿ, ಪ್ರಸಂಗದ ಕೊನೆಗೆ ಕರ್ಣ ಸಾಯಲೇಬೇಕು. ನಮ್ಮ ಆಟದಲ್ಲಿ ಕೊನೆ ಯಾರಿಗೂ ಗೊತ್ತಿರುವುದಿಲ್ಲ, ಕೀಪರನಿಗೂ.

ಇಂಥ ಆಟಗಳ ಹಿಂದೆ ಒಂದು ಉದ್ದನೆಯ ಚರಿತ್ರೆಯಿದೆ. 1824ರಲ್ಲಿ ಪ್ರಷ್ಯಾದ ಸೇನಾಧಿಕಾರಿ ರೈಸ್ವಿಟ್ಜ್ ಯುದ್ಧ ಕಲಿಸುವುದಕ್ಕೆಂದು ನಕ್ಷೆ, ದಾಳ, ತೀರ್ಪುಗಾರ ಇರುವ ಆಟವೊಂದರ ನಿಯಮಗಳನ್ನು ಅಚ್ಚು ಹಾಕಿಸಿದ. ಸೈನ್ಯದ ಕೊಠಡಿಯಿಂದ ಅದು ಹವ್ಯಾಸಿಗಳ ಮನೆಗೆ ಬಂತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಪ್ರಕಟಿಸಿದಾಗ ಇಡೀ ಸೈನ್ಯವನ್ನು ನಡೆಸುತ್ತಿದ್ದ ಆಟಗಾರ ಒಬ್ಬನೇ ಒಬ್ಬ ವೀರನಾದ. ಅವನು ರಾಕ್ಷಸರನ್ನು ಕೊಲ್ಲುತ್ತಾನೆ, ನಿಧಿ ಹೊಡೆಯುತ್ತಾನೆ, ಆಡುತ್ತಾ ಆಡುತ್ತಾ ಬಲಿಯುತ್ತಾನೆ. 1981ರಲ್ಲಿ ಕೇಯಾಸಿಯಂ ಎಂಬ ಸಂಸ್ಥೆಗಾಗಿ ಸ್ಯಾಂಡಿ ಪೀಟರ್ಸನ್ ‘ಕಾಲ್ ಆಫ್ ಕ್ಥುಲ್ಹು’ ಬರೆದಾಗ ಈ ಲೆಕ್ಕ ತಲೆಕೆಳಗಾಯಿತು. ಇಲ್ಲಿ ಪಾತ್ರಗಳು ವೀರರಲ್ಲ. ಮೇಷ್ಟರು, ಪತ್ರಕರ್ತರು, ಡಾಕ್ಟರು, ಗ್ರಂಥಪಾಲಕರು. ಅವರು ಆಡುತ್ತಾ ಆಡುತ್ತಾ ಸವೆಯುತ್ತಾರೆ.

ಸವೆಯುವುದು ಮೈಯಲ್ಲ, ಮನಸ್ಸು. ಪ್ರತಿ ಪಾತ್ರಕ್ಕೂ ಬುದ್ಧಿಯ ಸ್ಥಿಮಿತಕ್ಕೆಂದು ಒಂದು ಅಂಕಿ ಇರುತ್ತದೆ. ಕಾಣಬಾರದ್ದನ್ನು ಕಂಡಾಗ ನೂರರ ದಾಳ ಉರುಳಿಸಬೇಕು. ಬಿದ್ದ ಅಂಕಿ ಸ್ಥಿಮಿತಕ್ಕಿಂತ ಹೆಚ್ಚಾದರೆ ಅದರಲ್ಲಿ ಒಂದಿಷ್ಟು ಹೋಯಿತು. ಇದಕ್ಕಿಂತ ಕ್ರೂರವಾದ ಇನ್ನೊಂದು ನಿಯಮವಿದೆ. ಲೋಕದ ಹಿಂದಿರುವ ಭೀಕರ ಸತ್ಯದ ಬಗ್ಗೆ ಪಾತ್ರಕ್ಕೆ ಎಷ್ಟು ತಿಳಿಯುತ್ತದೋ ಅಷ್ಟು ಅಂಕಿಯನ್ನು 99ರಿಂದ ಕಳೆಯಬೇಕು. ಉಳಿದದ್ದೇ ಆ ಪಾತ್ರದ ಸ್ಥಿಮಿತ ಏರಬಹುದಾದ ಮೇಲಿನ ಮಿತಿ. ತಿಳಿದಷ್ಟೂ ನೆಮ್ಮದಿ ಕುಗ್ಗುತ್ತದೆ. ಓದಿದರೆ ಉದ್ಧಾರವಾಗುತ್ತೀಯ ಎಂದು ಕೇಳಿಕೊಂಡೇ ಬೆಳೆದ ನಮಗೆ ಇದು ಮೊದಲ ಸಲ ಓದಿದಾಗ ತಮಾಷೆಯಾಗಿ ಕಂಡಿತ್ತು.

ನಮ್ಮ ಕೈಗೆ ಇದು ಬಂದದ್ದು ತೊಂಬತ್ತರ ದಶಕದ ಕೊನೆಯಲ್ಲಿ, ಬೆಂಗಳೂರಿನ ಒಂದು ಹಾಸ್ಟೆಲಿನಲ್ಲಿ. 1992ರ ಐದನೆಯ ಆವೃತ್ತಿಯ ಜೆರಾಕ್ಸ್ ಪ್ರತಿ. ಸ್ಪೈರಲ್ ಬೈಂಡಿಂಗ್, ಅಲ್ಲಲ್ಲಿ ಪುಟದ ಅಂಚು ಕತ್ತರಿಸಿ ಹೋಗಿತ್ತು. ಹತ್ತು ಮುಖದ ದಾಳ ಆಗ ಎಲ್ಲೂ ಸಿಗುತ್ತಿರಲಿಲ್ಲ. ಮೆಸ್ಸಿನ ಎರಡು ಸ್ಟೀಲ್ ಲೋಟ ತಂದು, ಸೊನ್ನೆಯಿಂದ ಒಂಬತ್ತರವರೆಗೆ ಬರೆದ ಚೀಟಿಗಳನ್ನು ಮಡಿಚಿ ಎರಡಕ್ಕೂ ಹಾಕಿದೆವು. ಒಂದು ಲೋಟ ಹತ್ತರ ಸ್ಥಾನಕ್ಕೆ, ಇನ್ನೊಂದು ಬಿಡಿ ಸ್ಥಾನಕ್ಕೆ. ಹೆಸರನ್ನು ಉಚ್ಚರಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ. ಎರಡನೆಯ ವಾರಕ್ಕೆ ಅದು ನಮ್ಮ ಬಾಯಲ್ಲಿ ‘ಕತ್ತಲು’ ಆಯಿತು. “ಇವತ್ತು ರಾತ್ರಿ ಕತ್ತಲು ಇದೆಯೇನ್ರೋ?” ಎಂದು ಕೇಳಿದರೆ ಕರೆಂಟು ಹೋಗುತ್ತದೆಯೇ ಎಂದಲ್ಲ, ಆಟವಿದೆಯೇ ಎಂದರ್ಥ.

ಈ ಆಟಕ್ಕೆ ಒಂದು ವಿಶೇಷವಿತ್ತು. ಮೊದಲಿನಿಂದ ಆರನೆಯವರೆಗೆ ಆವೃತ್ತಿಗಳು ಬದಲಾದರೂ ನಿಯಮಗಳು ಹೆಚ್ಚೇನೂ ಬದಲಾಗಲಿಲ್ಲ. ಮೊದಲ ವರ್ಷಗಳಲ್ಲಿ ಬರೆದ ಕಥೆಯನ್ನು ಇಪ್ಪತ್ತೈದು ವರ್ಷಗಳ ನಂತರದ ಪುಸ್ತಕ ಇಟ್ಟುಕೊಂಡು ಆಡಿಸಬಹುದಿತ್ತು. 2014ರಲ್ಲಿ ಮೈಕ್ ಮೇಸನ್ ಮತ್ತು ಪಾಲ್ ಫ್ರಿಕರ್ ಸಿದ್ಧಪಡಿಸಿದ ಏಳನೆಯ ಆವೃತ್ತಿ ಬಂದಾಗ ಮೊದಲ ಬಾರಿಗೆ ಗೋಡೆಗಳೇ ಜರುಗಿದವು. ಮೂರರಿಂದ ಹದಿನೆಂಟರವರೆಗೆ ಇದ್ದ ದೇಹಬಲ, ಬುದ್ಧಿಗಳ ಅಂಕಿಗಳು ಐದರಿಂದ ಗುಣಿಸಿಕೊಂಡು ಶೇಕಡಾವಾರು ಆದವು. ಬಲಕ್ಕೆ ಬಲ ಹೋಲಿಸುತ್ತಿದ್ದ ಹಳೆಯ ಕೋಷ್ಟಕ ಮಾಯವಾಯಿತು. ಗೆಲುವಿಗೂ ದರ್ಜೆಗಳು ಬಂದವು: ಸಾಧಾರಣ, ಅದರ ಅರ್ಧಕ್ಕೆ ಕಠಿಣ, ಐದನೆಯ ಒಂದು ಪಾಲಿಗೆ ಅತಿ ಕಠಿಣ. ಅದೃಷ್ಟದ ಅಂಕಿಯನ್ನು ದುಡ್ಡಿನ ಹಾಗೆ ಖರ್ಚು ಮಾಡಿ ಸೋತ ದಾಳವನ್ನು ಗೆಲುವಿಗೆ ಇಳಿಸಿಕೊಳ್ಳುವ ಐಚ್ಛಿಕ ನಿಯಮವೂ ಬಂತು. ಇದನ್ನೆಲ್ಲ ಓದಿ ನಾನು ಪುಸ್ತಕ ಮುಚ್ಚಿಟ್ಟೆ. ನನ್ನ ಬಳಿ ಹರಿದ ಐದನೆಯ ಆವೃತ್ತಿ ಇತ್ತು. ಎರಡು ಲೋಟಗಳೂ ಇದ್ದವು.

ಹೊಸತನ್ನು ಮೇಜಿಗೆ ತಂದವಳು ನನ್ನ ಅಕ್ಕನ ಮಗಳು. ಇತಿಹಾಸದಲ್ಲಿ ಎಂ.ಎ. ಓದುತ್ತಿದ್ದಾಳೆ, ಶಾಸನಗಳ ಹುಚ್ಚು. “ಮಾಮ, ಹಳೇದು ಚೆನ್ನಾಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದ್ರಲ್ಲಿ ನಾವು ಬರೀ ದಾಳ ನೋಡ್ತಾ ಕೂರ್ತೀವಿ. ಇದ್ರಲ್ಲಿ ನಮ್ಮನ್ನ ಒಂದ್ ಮಾತು ಕೇಳ್ತಾರೆ” ಅಂದಳು. ಮಾತಿನ ಅರ್ಥ ಆಗ ಪೂರ್ತಿ ತಲೆಗೆ ಹೋಗಲಿಲ್ಲ. ಆಡಿಸಲು ಒಪ್ಪಿದ್ದು ಅವಳ ಇನ್ನೊಂದು ಬೇಡಿಕೆಗೆ. ಕಥೆ ಅಮೆರಿಕದಲ್ಲಿ ನಡೆಯುವುದು ಬೇಡ, ಇಲ್ಲೇ ನಡೆಯಲಿ.

ಬೇಡಿಕೆಯಲ್ಲಿ ಹುರುಳಿತ್ತು. ಆಟದ ಮೂಲ ಎಚ್. ಪಿ. ಲವ್‌ಕ್ರಾಫ್ಟ್ ಎಂಬ ಅಮೆರಿಕನ್ ಕಥೆಗಾರ. 1890ರಿಂದ 1937ರವರೆಗೆ ಬದುಕಿದವನು. ಆಟಕ್ಕೆ ಹೆಸರು ಕೊಟ್ಟ ಕಥೆ 1928ರಲ್ಲಿ ‘ವಿಯರ್ಡ್ ಟೇಲ್ಸ್’ ಪತ್ರಿಕೆಯಲ್ಲಿ ಬಂತು. ಅವನ ಕಲ್ಪನೆ ದೊಡ್ಡದು, ಮನಸ್ಸು ಅಷ್ಟು ದೊಡ್ಡದಲ್ಲ. ಬಿಳಿಯರಲ್ಲದವರ ಬಗ್ಗೆ ಅವನಿಗಿದ್ದ ಅಸಹ್ಯ ಪತ್ರಗಳಲ್ಲಿ ಮಾತ್ರವಲ್ಲ, ಕಥೆಗಳಲ್ಲೂ ಕಾಣುತ್ತದೆ. ವಿಶ್ವ ಫ್ಯಾಂಟಸಿ ಪ್ರಶಸ್ತಿಗೆ ಕೊಡುತ್ತಿದ್ದ ಅವನ ಮುಖದ ಪುತ್ಥಳಿಯನ್ನು ಕೈಬಿಡುವುದಾಗಿ 2015ರಲ್ಲಿ ಘೋಷಿಸಿದ್ದು ಇದೇ ಕಾರಣಕ್ಕೆ ಎದ್ದ ಆಕ್ಷೇಪಗಳ ನಂತರ. ಅವನ ಕಥೆಗಳಲ್ಲಿ ಭಯ ಹೊತ್ತು ತರುವವರು ಹೆಚ್ಚಾಗಿ ದೂರದೇಶದ ಕಪ್ಪು, ಕಂದು ಬಣ್ಣದ ಜನ. ಅಂದರೆ ನಾವು. ನಮ್ಮ ಊರಿನಲ್ಲಿ ಕಥೆ ನಡೆದರೆ ಹುಡುಕುವವರೂ ನಾವೇ, ಹೆದರುವವರೂ ನಾವೇ.

ಆಟಕ್ಕೆ ಅತ್ಯಂತ ಒಗ್ಗುವ ಕಾಲ 1920ರ ದಶಕ. ಆ ಕಾಲದ ಮೈಸೂರು ಸಂಸ್ಥಾನದಲ್ಲಿ ಈ ಆಟಕ್ಕೆ ಹೇಳಿ ಮಾಡಿಸಿದ ಕಸುಬೊಂದಿತ್ತು: ಶಾಸನಗಳ ಪಡಿಯಚ್ಚು ತೆಗೆಯುವುದು. ಸಂಸ್ಥಾನದ ಪುರಾತತ್ತ್ವ ಇಲಾಖೆ 1885ರಲ್ಲಿ ಶುರುವಾಯಿತು. ಬಿ. ಎಲ್. ರೈಸ್ ಹಾಸನ ಜಿಲ್ಲೆಯ ಶಾಸನಗಳನ್ನು ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ 1902ರಲ್ಲಿ ತಂದರು. ನಂತರ ಬಂದ ಆರ್. ನರಸಿಂಹಾಚಾರ್ 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಮೇಲೆ ಪ್ರತ್ಯೇಕ ಪುಸ್ತಕ ಬರೆದರು. 1922ರಲ್ಲಿ ಇಲಾಖೆಯ ಹೊಣೆ ಹೊತ್ತವರು ಕೌಟಿಲ್ಯನ ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಶಾಸ್ತ್ರಿಗಳು. ಈ ದೊಡ್ಡ ಹೆಸರುಗಳ ಕೆಳಗೆ, ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ಬಡಿದು ಅಕ್ಷರದ ತಗ್ಗಿಗೆ ಕೂರಿಸಿ, ಮಸಿ ಒತ್ತಿ ಪ್ರತಿ ತೆಗೆದವರು ಇದ್ದರು. ಊರೂರು ಅಲೆದು, ಪಾಳುಗುಡಿಯಲ್ಲಿ, ಹೊಲದ ಬದುವಿನಲ್ಲಿ, ಮುಳ್ಳಿನ ಪೊದೆಯಲ್ಲಿ ಹಳೆಯ ಅಕ್ಷರ ಹುಡುಕುವ ಮನುಷ್ಯನಿಗಿಂತ ಒಳ್ಳೆಯ ಶೋಧಕ ಇನ್ನೆಲ್ಲಿ ಸಿಗುತ್ತಾನೆ?

ಹೀಗೆ 1923ರ ಮಾಗಿ ಕಾಲ, ಅರಸೀಕೆರೆ ಜಂಕ್ಷನ್, ರಾತ್ರಿಯ ಗಾಡಿಯಿಂದ ಇಳಿಯುವ ನಾಲ್ವರು ಎಂದು ಗೊತ್ತಾಯಿತು. ಸೋದರ ಸೊಸೆ ಪಡಿಯಚ್ಚಿನವನ ಪಾತ್ರ ತೆಗೆದುಕೊಂಡಳು. ನನ್ನ ಹಾಸ್ಟೆಲಿನ ಗೆಳೆಯರಿಬ್ಬರಲ್ಲಿ ಒಬ್ಬ ಸ್ಟೇಷನ್ನಿನ ಗುಮಾಸ್ತ, ಇನ್ನೊಬ್ಬ ಪ್ಲೇಗಿನ ಊರುಗಳಲ್ಲಿ ಕೆಲಸ ಮಾಡಿ ಬಂದ ಡಾಕ್ಟರು. ನಾಲ್ಕನೆಯವನು ಅವಳ ಸಹಪಾಠಿ. ಅವನು ಹೊಲಗೇರಿಯ ಕಲ್ಲು ಒಡೆಯುವವನ ಪಾತ್ರ ಬರೆದುಕೊಂಡ. ಹೊಸ ಆವೃತ್ತಿಯಲ್ಲಿ ಪಾತ್ರದ ಹಿನ್ನೆಲೆಗೆಂದೇ ಒಂದು ಜಾಗವಿದೆ: ನೀನು ಯಾರನ್ನು ನಂಬುತ್ತೀಯ, ಯಾವ ಜಾಗ ನಿನಗೆ ಮುಖ್ಯ, ಯಾವ ವಸ್ತು ನಿನ್ನ ಜೀವ. ‘ಮುಖ್ಯ ಜಾಗ’ ಎಂಬಲ್ಲಿ ಅವನು ಬೇಲೂರು ದೇವಸ್ಥಾನ ಎಂದು ಬರೆದು, ಪಕ್ಕದಲ್ಲಿ ‘ಹೊರಗಿನಿಂದ’ ಎಂದು ಸೇರಿಸಿದ.

ಆ ಒಂದು ಪದ ಇಡೀ ಆಟವನ್ನು ಬದಲಿಸಿತು. ರೈಸ್ ತಮ್ಮ ಗೆಜೆಟಿಯರಿನಲ್ಲಿ ಬೇಲೂರಿನಲ್ಲೂ ಮೇಲುಕೋಟೆಯಲ್ಲೂ ಹೊಲೆಯರಿಗೆ ವರ್ಷದ ಕೆಲವು ದಿನ ಮಾತ್ರ ದೇವಾಲಯ ಪ್ರವೇಶದ ಹಕ್ಕಿತ್ತೆಂದು ದಾಖಲಿಸಿದ್ದಾರೆ. ಉಳಿದ ದಿನಗಳಲ್ಲಿ ಕಲ್ಲಿನ ಜಾತಿ, ಅದರ ಪದರ, ಅದು ಎಲ್ಲಿ ಬಿರುಕು ಬಿಡುತ್ತದೆ ಎಂಬುದನ್ನೆಲ್ಲ ಎಲ್ಲರಿಗಿಂತ ಚೆನ್ನಾಗಿ ಬಲ್ಲವನು ಬಾಗಿಲ ಹೊರಗೆ ನಿಲ್ಲಬೇಕು. ಒಳಗೆ ಹೋದ ಮೂವರು ಬಂದು ಹೇಳಿದ್ದನ್ನು ಕೇಳಿಕೊಂಡೇ ಅವನು ಆಡಿದ. ಲವ್‌ಕ್ರಾಫ್ಟನ ಭೂತಗಳಿಗೆ ಮೊದಲೇ ಆ ಊರಿನಲ್ಲಿ ಭಯ ಇತ್ತು. ಯಾರಿಗೆ ಇತ್ತು, ಯಾರಿಗೆ ಇರಲಿಲ್ಲ ಎಂಬುದನ್ನು ಪಾತ್ರದ ಹಾಳೆಯಲ್ಲಿನ ಒಂದು ಖಾಲಿ ಗೆರೆ ಹೊರಗೆ ತಂದಿತು.

ಕಥೆ ಜಾವಗಲ್ ದಾರಿ ಹಿಡಿದು ಹಳೇಬೀಡಿಗೆ ಬಂತು. ಅಲ್ಲಿನ ಬಸ್ತಿಹಳ್ಳಿಯಲ್ಲಿ ಜೈನ ಬಸದಿಗಳಿವೆ. 1133ರಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ ಕಟ್ಟಿಸಿದ ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೀವು ನೋಡಿರಬಹುದು. ಕಡೆದು, ತಿಕ್ಕಿ, ಕನ್ನಡಿಯಂತೆ ಹೊಳಪು ಕೊಟ್ಟ ಕರಿಯ ಕಲ್ಲು. ಹತ್ತಿರ ಹೋದರೆ ನಿಮ್ಮದೇ ರೂಪ ಉದ್ದವಾಗಿ, ಅಡ್ಡವಾಗಿ, ತಲೆಕೆಳಗಾಗಿ ಕಾಣುತ್ತದೆ. ಸಂಜೆಯ ಬೆಳಕಿನಲ್ಲಿ ಲಾಂದ್ರ ಹಿಡಿದು ನಿಂತ ನಾಲ್ವರಿಗೆ ನಾನು ಹೇಳಿದ್ದು ಇಷ್ಟೇ: “ಕಂಬದಲ್ಲಿ ಐದು ಜನ ಕಾಣ್ತಿದಾರೆ.” ಯಾರೂ ಮಾತಾಡಲಿಲ್ಲ. ಸ್ಥಿಮಿತದ ದಾಳ ಉರುಳಿತು. ಇಲ್ಲಿಯವರೆಗೆ ಇದು ನನ್ನ ಹಳೆಯ ಕತ್ತಲೇ. ಹಳೆಯ ಪುಸ್ತಕದಿಂದಲೂ ಇದನ್ನು ಆಡಿಸಬಹುದಿತ್ತು.

ಆಮೇಲಿನದು ಬೇರೆ. ಶೋಧಕರು ಹೊಲದ ಬದುವಿನಲ್ಲಿ ಅರ್ಧ ಹೂತುಹೋದ ಒಂದು ಕಲ್ಲು ಕಂಡರು. ಆ ಕಲ್ಲು ನನ್ನ ಕಲ್ಪನೆಯದು, ಅಂಥದ್ದೊಂದು ಯಾವ ಸಂಪುಟದಲ್ಲೂ ಇಲ್ಲ. ಅದರ ಕೊನೆಯ ಸಾಲಿನಲ್ಲಿ ಇಡೀ ಕಥೆಯ ಬೀಗದ ಕೈಯಿತ್ತು. ಸೋದರ ಸೊಸೆ ಓದಲು ದಾಳ ಹಾಕಿದಳು, ಸೋತಳು. ಹಳೆಯ ಆವೃತ್ತಿಯಲ್ಲಾದರೆ ಮುಗಿಯಿತು. ಹೊಸದರಲ್ಲಿ ‘ಪುಷ್’ ಎಂಬ ನಿಯಮವಿದೆ. ಸೋತವರು ಇನ್ನೊಮ್ಮೆ ಪ್ರಯತ್ನಿಸಬಹುದು, ಆದರೆ ಸುಮ್ಮನೆ ಅಲ್ಲ. ಬೇರೆ ಏನು ಮಾಡುತ್ತೇನೆಂದು ಹೇಳಬೇಕು. ಈ ಸಲವೂ ಸೋತರೆ ಏನಾಗಬಹುದೆಂದು ಕೀಪರ್ ಮೊದಲೇ ಸೂಚನೆ ಕೊಡಬಹುದು. ಅದನ್ನು ಕೇಳಿದ ಮೇಲೆ ದಾಳ ಮುಟ್ಟುವುದೋ ಬಿಡುವುದೋ ಆಟಗಾರರಿಗೆ ಬಿಟ್ಟದ್ದು.

“ಚಾಕು ತಗೊಂಡು ಪಾಚಿ ಕೆರೀತೀನಿ” ಅಂದಳು.

“ಕೆರೆದು ಓದಕ್ಕಾಗಲಿಲ್ಲ ಅಂದ್ರೆ ಅಕ್ಷರಾನೇ ಎದ್ದು ಬರುತ್ತೆ. ಆಮೇಲೆ ಆ ಸಾಲು ಯಾರಿಗೂ ಇಲ್ಲ” ಅಂದೆ.

ಮೇಜಿನ ಮೇಲೆ ದಾಳ ಇತ್ತು. ಅವಳು ಕೈ ಚಾಚಿದವಳು ಹಿಂದೆ ತೆಗೆದುಕೊಂಡಳು. ಡಾಕ್ಟರ ಪಾತ್ರದ ಗೆಳೆಯ, “ಹಾಕಮ್ಮಾ, ಬರೀ ಆಟ ತಾನೇ” ಅಂದ. ಅವಳು ಬಹಳ ಹೊತ್ತು ಯೋಚಿಸಿ, “ಇಲ್ಲ ಮಾಮ, ಬಿಡ್ತೀನಿ. ನಾನು ಓದ್ದೆ ಹೋದ್ರೆ ನನ್ ಮುಂದಿನವರು ಓದ್ತಾರೆ. ನಾನೇ ಅಳಿಸಿದ್ರೆ ಮುಗೀತು” ಅಂದಳು. ಬೀಗದ ಕೈ ಸಿಗಲಿಲ್ಲ. ಕಥೆಯಲ್ಲಿ ಇಬ್ಬರು ಅದಕ್ಕೆ ಬೆಲೆ ತೆತ್ತರು. ಗುಮಾಸ್ತ ಬಸ್ತಿಹಳ್ಳಿಯಿಂದ ಮರಳಲಿಲ್ಲ, ಡಾಕ್ಟರಿಗೆ ಸ್ಥಿಮಿತ ಉಳಿಯಲಿಲ್ಲ. ಮೂವತ್ತು ವರ್ಷಗಳಲ್ಲಿ ನನ್ನ ಮೇಜಿನಲ್ಲಿ ಎಷ್ಟೋ ಪಾತ್ರಗಳು ಸತ್ತಿವೆ. ಒಬ್ಬರು ದಾಳ ಹಾಕದೆ ಬಿಟ್ಟದ್ದರಿಂದ ಸತ್ತದ್ದು ಅದೇ ಮೊದಲು. ಅವಳು ಹೇಳಿದ್ದ ‘ಒಂದ್ ಮಾತು ಕೇಳ್ತಾರೆ’ ಎಂಬುದರ ಅರ್ಥ ನನಗೆ ತಿಳಿದದ್ದು ಆಗ. ಹಳೆಯ ಆವೃತ್ತಿಯಲ್ಲಿ ಭಯ ನಮ್ಮ ಮೇಲೆ ಬಂದು ಬೀಳುತ್ತದೆ. ಹೊಸದರಲ್ಲಿ ಅದು ಬಾಗಿಲು ತಟ್ಟಿ, ಬರಲೇ ಎಂದು ಕೇಳುತ್ತದೆ.

ಅರಸೀಕೆರೆ, ಬೇಲೂರು, ಹಳೇಬೀಡುಗಳ ಹೊಯ್ಸಳ ಚರಿತ್ರೆಯನ್ನು ಈ ಕಣ್ಣಿನಿಂದ ನೋಡಿದರೆ ಅದರ ಮೊದಲ ಕಥೆಯೇ ಒಂದು ದಾಳ. ಸೊಸೆವೂರಿನಲ್ಲಿ ಹುಲಿ ಎರಗಿತು, ಜೈನ ಮುನಿ ಸುದತ್ತ “ಹೊಯ್ ಸಳ” ಎಂದರು, ಸಳ ಹೊಯ್ದ, ವಂಶಕ್ಕೆ ಹೆಸರಾಯಿತು. ಇತಿಹಾಸಕಾರರು ಇದನ್ನು ಐತಿಹ್ಯವೆಂದೇ ಎಣಿಸುತ್ತಾರೆ. ಆದರೂ ಬೇಲೂರಿನ ಬಾಗಿಲಿನ ಇಕ್ಕೆಲಗಳಲ್ಲಿ ಸಳ ಇಂದಿಗೂ ಹೊಯ್ಯುತ್ತಲೇ ನಿಂತಿದ್ದಾನೆ. ಅವನಿಗೆ ಯೋಚಿಸಲು ಸಮಯವಿರಲಿಲ್ಲ. ಒಂದೇ ಏಟು, ಬಿತ್ತು ಇಲ್ಲವೇ ತಪ್ಪಿತು. ಗೆದ್ದದ್ದರಿಂದ ಕಥೆಯಾಯಿತು. ಇದು ಹಳೆಯ ಆವೃತ್ತಿಯ ಭಯ.

ಇನ್ನೊಂದು ಬಗೆಯ ಭಯ ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಗಂಬದಲ್ಲಿದೆ. ಎರಡನೆಯ ವೀರಬಲ್ಲಾಳ 1173ರಿಂದ 1220ರವರೆಗೆ ಆಳಿದ ದೊರೆ. ಅವನ ದಂಡನಾಯಕ ಕುವರ ಲಕ್ಷ್ಮ. ಒಡೆಯನಿಗಾಗಿ ಬದುಕಿ ಒಡೆಯನೊಂದಿಗೆ ಸಾಯುತ್ತೇವೆಂದು ಆಣೆ ಮಾಡಿದವರನ್ನು ಗರುಡರೆಂದು ಕರೆಯುತ್ತಿದ್ದರು. ಹಾಗೆ ಆಣೆ ಮಾಡಿದ ಲೆಂಕರ ಒಂದು ದೊಡ್ಡ ಪಡೆಯೇ ಇತ್ತು. ಕುವರ ಲಕ್ಷ್ಮ ತನ್ನ ಹೆಂಡತಿ ಸುಗ್ಗಲದೇವಿಯೊಂದಿಗೆ, ಸಾವಿರ ಜನ ವೀರರೊಂದಿಗೆ ಪ್ರಾಣ ಕೊಟ್ಟನೆಂದು ಕಂಬದ ಶಾಸನ ಹೊಗಳುತ್ತದೆ. ಕಂಬದ ಮೇಲೆ ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುತ್ತಿರುವ ವೀರರ ಸಣ್ಣ ಸಣ್ಣ ಶಿಲ್ಪಗಳಿವೆ. ಇದು ಒಂದೇ ಕುಟುಂಬದ ಕಥೆಯಲ್ಲ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯ ಕಂಬಗಳು ತಲೆಮಾರು ತಲೆಮಾರುಗಳಾಗಿ ಹೊಯ್ಸಳ ಅರಸರೊಡನೆ ಸತ್ತ ಗರುಡರ ಮನೆತನವನ್ನು ನೆನೆಯುತ್ತವೆ.

ಆಟ ಮುಗಿದ ಮುಂದಿನ ಭಾನುವಾರ ನಾವು ಐವರೂ ಹಳೇಬೀಡಿಗೆ ಹೋದೆವು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚಾಗಿದ್ದಾರೆ, ಗರುಡಗಂಬದ ಬಳಿ ಮಾತ್ರ ನಿಲ್ಲುವವರು ಕಡಿಮೆ. ಗುಮಾಸ್ತನ ಪಾತ್ರ ಕಳೆದುಕೊಂಡ ಗೆಳೆಯ ಆ ಶಿಲ್ಪಗಳನ್ನು ಒಂದೊಂದಾಗಿ ನೋಡುತ್ತಾ, “ಆ ಸಾವಿರ ಜನಕ್ಕೆ ಯಾರಾದ್ರೂ ಕೇಳಿದ್ರಾ, ಬಿಡ್ತೀರಾ ಅಂತ?” ಅಂದ.

ಕಂಬ ಇದಕ್ಕೆ ಉತ್ತರ ಕೊಡುವುದಿಲ್ಲ. ಅದನ್ನು ಬರೆಸಿದವರಿಗೆ ಆ ಪ್ರಶ್ನೆ ಬೇಕಾಗಿರಲಿಲ್ಲ. ಶಾಸನದ ಕಣ್ಣಿಗೆ ಕಾಣುವುದು ಆಣೆ ಮತ್ತು ಅದರ ನೆರವೇರಿಕೆ. ನಡುವೆ ಒಂದು ರಾತ್ರಿ ಇತ್ತೇ, ಸುಗ್ಗಲದೇವಿ ಏನೆಂದಳು, ಸಾವಿರದ ಒಬ್ಬನೆಯವನೊಬ್ಬ ಹಿಂದೆ ಸರಿದು ಯಾವುದೋ ಊರು ಸೇರಿ ಬೇರೆ ಹೆಸರಿನಲ್ಲಿ ಬದುಕಿದನೇ ಎಂಬುದಕ್ಕೆಲ್ಲ ಕಲ್ಲಿನಲ್ಲಿ ಜಾಗವಿಲ್ಲ. ಆಣೆ ಮಾಡಿದ ದಿನವೇ ಅವರ ಪುಷ್ ಮುಗಿದುಹೋಗಿತ್ತು ಎನ್ನಬಹುದು. ಆಮೇಲೆ ಉಳಿದದ್ದು ಸೂಚನೆಯಲ್ಲ, ಪರಿಣಾಮ. ಆ ಸಾವುಗಳನ್ನು ಶೌರ್ಯವೆಂದು ಓದಿ ಮುಂದೆ ಹೋಗುವುದು ಸುಲಭ, ಕ್ರೌರ್ಯವೆಂದು ಓದಿ ಮುಂದೆ ಹೋಗುವುದೂ ಸುಲಭ. ಎರಡರ ನಡುವೆ, ಕತ್ತಿ ಕೈಯಲ್ಲಿದ್ದೂ ಇನ್ನೂ ಎತ್ತಿರದ ಆ ಗಳಿಗೆಯಲ್ಲಿ ಸ್ವಲ್ಪ ಹೊತ್ತು ನಿಲ್ಲುವುದು ಕಷ್ಟ. ಹಿಂದಿನ ವಾರ ದಾಳದ ಕಡೆ ಚಾಚಿದ ಕೈಯೊಂದು ಹಿಂದೆ ಸರಿಯುವುದನ್ನು ಕಂಡಿದ್ದ ನಮಗೆ ಅಲ್ಲಿ ನಿಲ್ಲಲು ಸಾಧ್ಯವಾಯಿತು.

ಇಲ್ಲಿ ಒಂದು ಎಚ್ಚರ ಬೇಕು. ಆಟ ಇತಿಹಾಸಕ್ಕೆ ಸಾಕ್ಷಿಯಲ್ಲ. ಕುವರ ಲಕ್ಷ್ಮನ ಮನಸ್ಸಿನಲ್ಲಿ ಏನಿತ್ತೆಂದು ನಮ್ಮ ದಾಳ ಹೇಳಲಾರದು. ಆದ್ದರಿಂದ ನಮ್ಮ ಮೇಜಿಗೆ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ನಿಜವಾಗಿ ಸತ್ತವರನ್ನು ದೆವ್ವ ಮಾಡುವುದಿಲ್ಲ. ಗರುಡರು ನಮ್ಮ ಕಥೆಯಲ್ಲಿ ರುಂಡ ಹಿಡಿದು ಎದ್ದು ಬರುವುದಿಲ್ಲ. 1311ರಲ್ಲಿ ಮಲಿಕ್ ಕಾಫೂರನ ದಂಡು ಬಂದಾಗ, ಮತ್ತೆ ತುಘಲಕನ ಸೈನ್ಯ ಬಂದಾಗ ದೋರಸಮುದ್ರದಲ್ಲಿ ಸತ್ತವರು ನಮಗೆ ಬೆದರುಬೊಂಬೆಗಳಲ್ಲ. ಊರಿಗೆ ಊರೇ ಹಾಳಾಗಿ ‘ಹಳೆಯ ಬೀಡು’ ಎಂಬ ಹೆಸರಷ್ಟೇ ಉಳಿದದ್ದು ಯಾವ ಲವ್‌ಕ್ರಾಫ್ಟನ ಕಲ್ಪನೆಗಿಂತ ದೊಡ್ಡ ಸಂಗತಿ. ಕಂಬದಲ್ಲಿ ಕಂಡ ಐದನೆಯವನು ಯಾರೆಂದು ನಾನು ಕೊನೆಯವರೆಗೂ ಹೇಳದೆ ಬಿಟ್ಟೆ. ಇತಿಹಾಸದಿಂದ ನಾವು ಜಾಗ ತೆಗೆದುಕೊಳ್ಳುತ್ತೇವೆ, ಕಾಲ ತೆಗೆದುಕೊಳ್ಳುತ್ತೇವೆ, ಕಸುಬು ತೆಗೆದುಕೊಳ್ಳುತ್ತೇವೆ. ಹೆಣ ತೆಗೆದುಕೊಳ್ಳುವುದಿಲ್ಲ.

ಏಳನೆಯ ಆವೃತ್ತಿಯ ಎಲ್ಲವೂ ನನಗೆ ಒಗ್ಗಿದೆ ಎಂದೇನಲ್ಲ. ಅದೃಷ್ಟ ಖರ್ಚು ಮಾಡುವ ನಿಯಮವನ್ನು ನನ್ನ ಮೇಜಿನಲ್ಲಿ ಈಗಲೂ ಬಿಡುವುದಿಲ್ಲ. ಸೋಲನ್ನು ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದಾದರೆ ಅದು ಭಯದ ಆಟವಲ್ಲ, ಬಡ್ಡಿ ವ್ಯವಹಾರ. ಓಡುವುದಕ್ಕೆ, ಅಟ್ಟಿಸಿಕೊಂಡು ಹೋಗುವುದಕ್ಕೆ ಬರೆದ ಉದ್ದನೆಯ ನಿಯಮಗಳನ್ನು ಓದುವಷ್ಟರಲ್ಲಿ ಓಡುವವನು ಬಾಣಾವರ ದಾಟಿರುತ್ತಾನೆ. ಐದನೆಯ ಆವೃತ್ತಿಯ ಜೆರಾಕ್ಸ್ ಪ್ರತಿಯನ್ನು ಕಪಾಟಿನಿಂದ ತೆಗೆದಿಲ್ಲ, ತೆಗೆಯುವುದೂ ಇಲ್ಲ. ಆದರೆ ಆಡಿಸುವುದು ಈಗ ಹೊಸದನ್ನೇ.

ಆವೃತ್ತಿಗಳ ಬಗ್ಗೆ ಹೇಳುವಾಗ ಬೇಲೂರಿನ ಒಂದು ಸಂಗತಿಯನ್ನು ಓದುಗರು ಗಮನಿಸಬೇಕು. ವಿಷ್ಣುವರ್ಧನ 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ಅದರ ನವರಂಗ ತೆರೆದ ಮಂಟಪವಾಗಿತ್ತು. ಗಾಳಿ ಬೆಳಕು ಒಳಗೆಲ್ಲ ಆಡುತ್ತಿದ್ದಿರಬೇಕು. ನಾವು ಇಂದು ಕಾಣುವ ಜಾಲಂಧ್ರಗಳು, ಬಾಗಿಲುಗಳು ಬಂದದ್ದು ಅವನ ಮೊಮ್ಮಗ ಎರಡನೆಯ ಬಲ್ಲಾಳನ ಕಾಲದಲ್ಲಿ. ಗೋಪುರದ ದ್ವಾರವನ್ನು 1397ರಲ್ಲಿ ವಿಜಯನಗರದ ಹರಿಹರನ ದಂಡನಾಯಕ ಗುಂಡ ಮತ್ತೆ ಕಟ್ಟಿಸಿದ. ಬೇಲೂರಿಗೆ ಹೋದವರು ಎಲ್ಲಕ್ಕಿಂತ ಹೆಚ್ಚು ನೆನಪಿಟ್ಟುಕೊಳ್ಳುವುದು ಒಳಗಿನ ಆ ಮಬ್ಬನ್ನು. ಕಣ್ಣು ಹೊಂದಿಕೊಳ್ಳುವವರೆಗೆ ಏನೂ ಕಾಣದೆ, ಆಮೇಲೆ ಒಂದೊಂದೇ ಕಂಬ, ಒಂದೊಂದೇ ಮದನಿಕೆ ಕತ್ತಲಿನಿಂದ ಹೊರಗೆ ಬರುವುದನ್ನು. ಆ ಕತ್ತಲು ಮೂಲದಲ್ಲಿ ಇರಲಿಲ್ಲ. ಅದು ಎರಡನೆಯ ಆವೃತ್ತಿಯಲ್ಲಿ ಬಂದದ್ದು.